ಏಳನೆಯ ಉಬಿ

ಪಂಗ್ಲಾವೊ ದ್ವೀಪದಲ್ಲಿ ಮಗು ಕೈಜಾರಿ ಬಿದ್ದರೆ ಎತ್ತಿಕೊಂಡು ಬೆನ್ನು ತಟ್ಟುತ್ತಾರೆ. ಉಬಿ ಬಿದ್ದರೆ ಮಂಡಿಯೂರಿ, ಎರಡೂ ಕೈಯಲ್ಲಿ ಎತ್ತಿ, ಮುತ್ತಿಟ್ಟು, ತಪ್ಪಾಯಿತು ಎಂದು ಕೇಳಿಕೊಳ್ಳುತ್ತಾರೆ. ಮಗು ಬಿದ್ದದ್ದನ್ನು ಮರೆತುಬಿಡುತ್ತದೆ, ಉಬಿ ಮರೆಯುವುದಿಲ್ಲ ಎಂದು ಅವರ ನಂಬಿಕೆ. ಹಿಂದೆ ಜೋಳ ಕೈಕೊಟ್ಟು ಮೀನೂ ದೂರ ಹೋದ ಒಂದು ಕಾಲದಲ್ಲಿ ಈ ನೇರಳೆ ಹೆಗ್ಗೆಣಸೊಂದೇ ಊರಿನ ಹೊಟ್ಟೆ ತುಂಬಿಸಿತಂತೆ. ಆ ಋಣ ಇನ್ನೂ ತೀರಿಲ್ಲ. ತೀರಿತೋ ಇಲ್ಲವೋ ಎಂದು ಯಾರೂ ಕೇಳಲು ಹೋಗಿಲ್ಲ.

ಕ್ರಿಸ್ಪಿನಾ ಐವತ್ತೆರಡು ವರ್ಷದ ಬಾಳಿನಲ್ಲಿ ನೂರಾರು ಉಬಿಗಳಿಗೆ ಮುತ್ತಿಟ್ಟಿದ್ದಳು. ಗಂಡನಿಗೆ ಇಟ್ಟದ್ದು ಅದಕ್ಕಿಂತ ಕಡಿಮೆ ಇರಬೇಕು. ಒಂದೇ ಒಂದು ಉಬಿಗೆ ಮಾತ್ರ ಇಟ್ಟಿರಲಿಲ್ಲ. ಅದು ನವೆಂಬರ್ ತಿಂಗಳ ಒಂದು ಬೆಳಗ್ಗೆ.

ಆ ದಿನ ಅವಳ ಗಂಡ ಗ್ಲಿಸೇರಿಯೊ ಬಾಡಿಗೆ ಆಟೋದಂಥ ತನ್ನ ಟ್ರೈಸಿಕಲ್ ಓಡಿಸಲು ಹೋಗಿದ್ದ. ಅವಳು ಒಬ್ಬಳೇ ಹಿತ್ತಿಲಲ್ಲಿ ಉಬಿ ಅಗೆಯುತ್ತಿದ್ದಳು. ಮೊದಲು ಅಗೆದ ಗೆಡ್ಡೆಯನ್ನು ಪದ್ಧತಿಯಂತೆ ಅತ್ತೆಯ ಮನೆಗೆ ಮುಟ್ಟಿಸಿ ಬಂದಿದ್ದಳು. ಅದು ಮುಂದಿನ ವರ್ಷದ ಬೀಜ, ಅದನ್ನು ಯಾರೂ ತಿನ್ನುವಂತಿಲ್ಲ. ಆಮೇಲಿನ ಐದನ್ನು ಬುಟ್ಟಿಗೆ ಹಾಕಿ ಏಳನೆಯದನ್ನು ಎತ್ತುವಾಗ ಕುಪ್ಪಸದ ಒಳಗಿದ್ದ ಫೋನು ಬಡಕೊಂಡಿತು. ಒಂದು ಕೈ ಫೋನಿಗೆ ಹೋಯಿತು, ಇನ್ನೊಂದು ಕೈಯಲ್ಲಿದ್ದ ಗೆಡ್ಡೆ ಜಾರಿ ಕಲ್ಲಿನ ಮೇಲೆ ಬಿತ್ತು. ಫೋನಿನಲ್ಲಿ ಓರಗಿತ್ತಿ ಮೆರ್ಲಿಟಾ. ಕ್ರಿಸ್ಮಸ್‌ಗೆ ಯಾವ ಬಣ್ಣದ ಮೇಜುಬಟ್ಟೆ ತರಲಿ ಎಂದು ಕೇಳುತ್ತಿದ್ದಳು. ಮೋಡ ಕವಿದಿತ್ತು. ಕ್ರಿಸ್ಪಿನಾ ಸುತ್ತಲೂ ನೋಡಿದಳು. ಯಾರೂ ಇರಲಿಲ್ಲ. ಯಾವ ಬಣ್ಣವಾದರೂ ಸರಿ ಎಂದು ಹೇಳಿ ಉಬಿಯನ್ನು ಬುಟ್ಟಿಗೆ ಹಾಕಿದಳು.

ಸುತ್ತಲೂ ನೋಡಿದ್ದೇ ತಪ್ಪು. ನೋಡದೆ ಹಾಕಿದ್ದರೆ ಮರೆವು ಎನ್ನಬಹುದಿತ್ತು. ನೋಡಿ ಹಾಕಿದ ಮೇಲೆ ಅದಕ್ಕೆ ಬೇರೆ ಹೆಸರೇ ಇಡಬೇಕು.

ಮೂರು ವಾರದಲ್ಲಿ ಅವಳ ಮನೆಯ ಅಟ್ಟಣೆಯ ಕೆಳಗಿಟ್ಟಿದ್ದ ನಲವತ್ತೊಂದು ಉಬಿಗಳೂ ಕೊಳೆತವು. ಪೆಟ್ಟಾದ ಒಂದು ಗೆಡ್ಡೆ ಪಕ್ಕದ್ದನ್ನು ಕೆಡಿಸುತ್ತದೆ, ಅದು ಅದರ ಪಕ್ಕದ್ದನ್ನು ಎಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಅವರು ಮುತ್ತಿನ ವಿಷಯ ಎತ್ತುವುದಿಲ್ಲ. ಗ್ಲಿಸೇರಿಯೊ ಇಲ್ಲದ ಹೊತ್ತು ನೋಡಿ ಕ್ರಿಸ್ಪಿನಾ ಎಲ್ಲವನ್ನೂ ಹಂದಿಗೂಡಿನ ಹಿಂದೆ ಹೂತಳು. ಅತ್ತೆ ಕೇಳಿದಾಗ, "ಚೆನ್ನಾಗಿದೆ ಲೋಲಾ, ಈ ವರ್ಷ ಪರಿಮಳ ಜಾಸ್ತಿ," ಎಂದಳು. ಪರಿಮಳದ ಮಾತು ಒಂದು ರೀತಿಯಲ್ಲಿ ನಿಜವೇ ಆಗಿತ್ತು.

ಮೊಮ್ಮಕ್ಕಳಾದ ಮೇಲೆ ಇಡೀ ಓಣಿ ಲೋಲಾ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದ ಅತ್ತೆ ಎಪಿಫಾನಿಯಾ ಇವರ ಮನೆಯ ಮುಂದಿನ ಕಲ್ಲುಮನೆಯಲ್ಲಿ ಇದ್ದಳು. ಮೂವರು ರಾಜರ ಹಬ್ಬದ ದಿನ ಹುಟ್ಟಿದವಳು. ಅಂದರೆ ಜನವರಿ ಆರಕ್ಕೆ ಎಂಬತ್ತು ತುಂಬುತ್ತಿತ್ತು. ಮಂಡಿ ಸೋತು ಅಂಗಳದಾಚೆ ಇಳಿಯುತ್ತಿರಲಿಲ್ಲ. ಎಂಬತ್ತು ವರ್ಷದಲ್ಲಿ ತನ್ನ ಕೈಯಿಂದ ಒಂದೂ ಉಬಿ ಬಿದ್ದಿಲ್ಲ ಎಂದು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದಳು. ಅವಳ ಮಂಚದ ಕೆಳಗೆ, ಬೂದಿ ತುಂಬಿದ ಮಣ್ಣಿನ ಬಾನಿಯಲ್ಲಿ ಬೀಜದ ಉಬಿ ಮಲಗಿರುತ್ತಿತ್ತು. ಅವಳ ತಾಯಿಯ ತಾಯಿಯಿಂದ ಬಂದ ತಳಿ. ಸುಂಟರಗಾಳಿಯಲ್ಲಿ ಛಾವಣಿ ಹಾರಿಹೋದಾಗ ಅಜ್ಜಿ ಮೊದಲು ಹೊರಗೆ ತಂದದ್ದು ಆ ಬಾನಿಯನ್ನು, ಎರಡನೆಯದಾಗಿ ಗಂಡನನ್ನು.

ಕ್ರಿಸ್ಮಸ್ ಊಟದ ದಿನ ಅಜ್ಜಿ ಸೊಸೆಯಂದಿರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದಳು: "ನನ್ನ ಹುಟ್ಟುಹಬ್ಬಕ್ಕೆ ಇಬ್ರೂ ಉಬಿ ಕೇಕ್ ಮಾಡಿ. ಇಬ್ಬರದ್ದೂ ತಿಂತೀನಿ. ಅವತ್ತೇ ಬೀಜ ಯಾರ ಮನೆಗೆ ಅಂತ ಹೇಳ್ತೀನಿ. ನಾನು ಸತ್ತ ಮೇಲೆ ನೀವು ಜಗಳ ಆಡಿದ್ರೆ ನನಗೆ ಕೇಳ್ಸಲ್ಲ."

ಕ್ರಿಸ್ಪಿನಾಳಿಗೆ ಆ ಬೀಜ ಬೇಕಿತ್ತು. ಇಪ್ಪತ್ತಾರು ವರ್ಷ ಆ ತಳಿಯನ್ನು ನೆಟ್ಟು, ಅಗೆದು, ಬೇಯಿಸಿ, ಸುಲಿದು, ತೆಂಗಿನಹಾಲು ಸಕ್ಕರೆ ಹಾಕಿ ತೋಳು ಬೀಳುವ ತನಕ ಕದಡಿದವಳು ಅವಳು. ಅವಳ ಉಗುರಿನ ಸಂದಿಯ ನೇರಳೆ ಬಣ್ಣ ಮದುವೆಯಾದ ವರ್ಷದಿಂದ ಹೋಗಿರಲಿಲ್ಲ. ಆ ಬೀಜ ಇನ್ನೊಬ್ಬರ ಮನೆಗೆ ಹೋದರೆ ಇಷ್ಟು ವರ್ಷ ತಾನು ಈ ಮನೆಯಲ್ಲಿ ಬರೀ ಅಡುಗೆಯವಳಾಗಿದ್ದೆ ಎಂದಾಗುತ್ತದೆ, ಅಷ್ಟೆ. ಮೆರ್ಲಿಟಾ ತಗ್ಬಿಲಾರನ್ ಪೇಟೆಯಲ್ಲಿ ಕೇಕಿನ ಅಂಗಡಿ ಇಟ್ಟಿದ್ದಳು. ಉಬಿಯನ್ನು ಪುಡಿಯ ಪೊಟ್ಟಣದಲ್ಲಿ ಬಿಟ್ಟು ಬೇರೆಲ್ಲೂ ನೋಡದವಳು ಎಂದು ಕ್ರಿಸ್ಪಿನಾ ಅವಳನ್ನು ಆಡಿಕೊಳ್ಳುತ್ತಿದ್ದಳು. ಈಗ ಮೆರ್ಲಿಟಾ ಅಂಗಡಿಯ ಫಲಕಕ್ಕೆ 'ನಾಲ್ಕು ತಲೆಮಾರಿನ ತಳಿ' ಎಂದು ಬರೆಸಲು ಪೇಂಟರನ್ನೂ ಗೊತ್ತುಮಾಡಿದ್ದಳು.

ಕೇಕು ಮಾಡಬೇಕು, ಉಬಿ ಇಲ್ಲ. ಕೊಂಡುಕೊಳ್ಳೋಣವೆಂದರೆ ಅದಕ್ಕಿಂತ ಚರ್ಚಿನ ಗಂಟೆ ಬಾರಿಸಿ ಸಾರುವುದೇ ವಾಸಿ. ಉಬಿ ಬೆಳೆಯುವ ಮನೆಯವಳು ಸಂತೆಯಲ್ಲಿ ಉಬಿ ಕೊಂಡ ಸುದ್ದಿ ಅವಳು ಮನೆ ಮುಟ್ಟುವ ಮೊದಲೇ ಅತ್ತೆಯ ಕಿವಿ ಮುಟ್ಟುತ್ತಿತ್ತು. ಸಿಹಿಗೆಣಸನ್ನಾದರೆ ಯಾರು ಬೇಕಾದರೂ ಕೊಳ್ಳಬಹುದು. ಅದಕ್ಕೆ ಮಾನವೂ ಇಲ್ಲ, ಅವಮಾನವೂ ಇಲ್ಲ. ಕ್ರಿಸ್ಪಿನಾ ಎರಡು ಕಿಲೋ ಬಿಳಿ ಸಿಹಿಗೆಣಸು ತಂದಳು. ಪೇಟೆಗೆ ಹೋಗಿ, ತನ್ನನ್ನು ಗುರುತಿಸದ ಒಂದು ದೊಡ್ಡ ಅಂಗಡಿಯಲ್ಲಿ ನೇರಳೆ ಬಣ್ಣದ ಸೀಸೆಯೊಂದನ್ನು, ಸೋಪಿನ ಕೆಳಗೆ ಬಚ್ಚಿಟ್ಟುಕೊಂಡು ತಂದಳು. ಸೀಸೆಯ ಮೇಲೆ ಉಬಿಯ ಚಿತ್ರ ಇತ್ತು. ಒಳಗೆ ಚಿತ್ರದಷ್ಟೂ ಉಬಿ ಇರಲಿಲ್ಲ.

ಕೇಕು ಚೆನ್ನಾಗಿಯೇ ಎದ್ದಿತು. ಮೂರು ಅಂತಸ್ತು, ಮೇಲೆ ನೇರಳೆ ಗುಲಾಬಿಗಳು. ಗ್ಲಿಸೇರಿಯೊ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಈ ಸಲ ಬಣ್ಣ ಜೋರಾಗಿದೆ ಪಿನಾ," ಅಂದ.

"ಮಳೆ ಜಾಸ್ತಿ ಆಯ್ತಲ್ಲ," ಅಂದಳು ಕ್ರಿಸ್ಪಿನಾ.

ಮಳೆಗೂ ಬಣ್ಣಕ್ಕೂ ಏನು ಸಂಬಂಧ ಎಂದು ಅವನು ಯೋಚಿಸಲಿಲ್ಲ. ಹೆಂಡತಿಯ ಮಾತನ್ನು ಯೋಚಿಸದೆ ಒಪ್ಪಿಕೊಂಡು ಇಪ್ಪತ್ತಾರು ವರ್ಷ ಸುಖವಾಗಿದ್ದವನು.

ಹುಟ್ಟುಹಬ್ಬದ ಮಧ್ಯಾಹ್ನ ಅಂಗಳದ ತುಂಬ ಜನ. ಅಜ್ಜಿ ಹೊಸ ಹೂವಿನ ಅಂಗಿ ತೊಟ್ಟು ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಮೇಜಿನ ಮೇಲೆ ಹಂದಿ ಹುರಿದದ್ದು, ನೂಡಲ್ಸ್, ಬಾಳೆಲೆಯಲ್ಲಿ ಸುತ್ತಿದ ಅನ್ನ. ನಟ್ಟನಡುವೆ ಮೆರ್ಲಿಟಾಳ ಕೇಕು ಆಗಲೇ ಬಂದು ಕೂತಿತ್ತು. ಅದರ ಪಕ್ಕದ ಜಾಗ ಖಾಲಿ. ಕ್ರಿಸ್ಪಿನಾ, ಗ್ಲಿಸೇರಿಯೊ ಇಬ್ಬರೂ ಹಿಂದಿನ ತಮ್ಮ ಮನೆಯಿಂದ ಹಲಗೆಯ ಮೇಲೆ ಕೇಕು ಹೊತ್ತು, ಶವಪೆಟ್ಟಿಗೆ ಹೊತ್ತವರ ಹೆಜ್ಜೆಯಲ್ಲಿ ಬಂದರು. ಕ್ರಿಸ್ಪಿನಾಳ ಕಣ್ಣು ಅತ್ತೆಯ ಬಾಯಿಯ ಮೇಲಿತ್ತು. ಎಂಬತ್ತು ವರ್ಷ ಉಬಿ ತಿಂದ ಬಾಯಿ. ಒಂದು ತುತ್ತು ಸಾಕು.

ಆಗ ಪಕ್ಕದ ಮನೆಯ ಬಾಸಿಲಿಯೊನ ನಾಯಿ ಜನರಲ್, ಎದುರುಮನೆಯ ಹುಂಜವನ್ನು ಅಟ್ಟಿಸಿಕೊಂಡು ಗ್ಲಿಸೇರಿಯೊನ ಎರಡು ಕಾಲುಗಳ ನಡುವೆ ನುಗ್ಗಿತು. ಹುಂಜ ಪಾರಾಯಿತು. ಕೇಕು ಆಗಲಿಲ್ಲ.

ಮೂರು ಅಂತಸ್ತೂ ಮರಳಿನ ಮೇಲೆ ಪಕ್ಕಕ್ಕೆ ಒರಗಿ ಬಿದ್ದವು. ಕ್ರಿಸ್ಪಿನಾಳ ಮನಸ್ಸಿಗೆ ಬಂದ ಮೊದಲ ಮಾತು, ಬದುಕಿದೆ, ಇನ್ನು ಯಾರೂ ಇದನ್ನು ತಿನ್ನುವುದಿಲ್ಲ ಎಂಬುದು. ಮುಖದಲ್ಲಿ ದುಃಖ ತರಲು ಅವಳು ಕಷ್ಟಪಡಬೇಕಾಯಿತು.

"ಅಯ್ಯೋ ಮನಾಂಗ್, ಬೇಜಾರ್ ಮಾಡ್ಕೋಬೇಡಿ," ಅಂದಳು ಮೆರ್ಲಿಟಾ, ಅಕ್ಕನೆಂಬ ಗೌರವದ ಜೊತೆ ಇನ್ನೇನನ್ನೋ ಬೆರೆಸಿ. "ನನ್ನ ಕೇಕ್ ಇದೆಯಲ್ಲ. ಎಲ್ಲರಿಗೂ ಧಾರಾಳವಾಗಿ ಸಾಕಾಗತ್ತೆ."

ಆದರೆ ಗ್ಲಿಸೇರಿಯೊ ಆಗಲೇ ಮಂಡಿಯೂರಿದ್ದ. ಬಿದ್ದ ಕೇಕಿಗೆ ಬಗ್ಗಿ, "ತಪ್ಪಾಯ್ತು, ಕ್ಷಮಿಸ್ಬೇಕು," ಎಂದು ಮುತ್ತಿಟ್ಟ. ಎದ್ದಾಗ ಮೀಸೆ ನೇರಳೆ.

"ಏಯ್, ಕೇಕ್‌ಗೂ ಮುತ್ತಿಡ್ತಾರೇನೋ?" ಎಂದ ನಾಯಿಯ ಯಜಮಾನ ಬಾಸಿಲಿಯೊ.

"ಯಾಕೆ ಇಡಬಾರ್ದು? ಉಬಿ ತಾನೆ?"

"ಉಬಿ ಬೇರೆ, ಕೇಕ್ ಬೇರೆ. ನಿನ್ನ ಟ್ರೈಸಿಕಲ್‌ನಲ್ಲಿ ಪಾದ್ರಿ ಕೂತ್ರೆ ಅದು ಚರ್ಚ್ ಆಗತ್ತಾ?"

ಎಲ್ಲರೂ ಪೊಲಿಕಾರ್ಪಿಯೊ ಮೇಷ್ಟ್ರ ಕಡೆ ತಿರುಗಿದರು. ಮೂವತ್ತನಾಲ್ಕು ವರ್ಷ ಗಣಿತ ಹೇಳಿ ನಿವೃತ್ತರಾದ ಅವರು ಊರಿನ ಇಂಥ ವ್ಯಾಜ್ಯಗಳಿಗೆಂದೇ ಉಳಿದಿದ್ದರು. ಮೇಷ್ಟ್ರು ಕೋಳಿಯ ಕಾಲು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡರು.

"ಹಸಿ ಉಬಿಗೆ ಮುತ್ತು ಇದೆ. ಬೇಯಿಸಿದ್ದಕ್ಕೂ ಇದೆ. ಡೊಲೋರೆಸ್ ಮದುವೇಲಿ ಹಲ್ವದ ಹಾಗೆ ಕದಡಿದ್ದು ಒಂದು ಸೌಟು ಬಿತ್ತು, ಬೀಗರೆಲ್ಲ ಮುತ್ತಿಟ್ರು. ಕೇಕ್ ಬಿದ್ದಿದ್ದು ನನ್ನ ತಿಳಿವಳಿಕೇಲಿ ಇದೇ ಮೊದಲು. ಆದ್ದರಿಂದ ಲೆಕ್ಕ ಹಾಕ್ಬೇಕು. ಹಿಟ್ಟಿಗಿಂತ ಉಬಿ ಜಾಸ್ತಿ ಇದ್ರೆ ಅದು ಉಬಿ. ಹಿಟ್ಟು ಜಾಸ್ತಿ ಇದ್ರೆ ಕೇಕು, ಶಿಲುಬೆ ಗುರುತು ಹಾಕಿ ಬಿಸಾಡಬಹುದು. ಕ್ರಿಸ್ಪಿನಾ, ಉಬಿ ಎಷ್ಟು ಹಾಕಿದ್ದೀಯಮ್ಮ?"

ಹಿಟ್ಟೇ ಹೆಚ್ಚು ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಇಪ್ಪತ್ತಾರು ವರ್ಷದ ಜಂಬ ನಾಲಿಗೆಯ ತುದಿಯಲ್ಲೇ ಕೂತಿತ್ತು.

"ಎರಡು ಕಿಲೋ," ಅಂದಳು ಕ್ರಿಸ್ಪಿನಾ. "ಹಿಟ್ಟು ಒಂದೇ ಕಿಲೋ. ನಾನು ಹಿಟ್ಟು ಹೆಚ್ಚು ಹಾಕೋಳಲ್ಲ."

"ಹಾಗಾದ್ರೆ ಉಬಿ," ಎಂದು ಮೇಷ್ಟ್ರು ತೀರ್ಪು ಕೊಟ್ಟರು. "ತಪ್ಪಿನಲ್ಲಿ ಪಾಲಿರೋರೆಲ್ಲ ಬನ್ನಿ."

ತಪ್ಪಿನಲ್ಲಿ ಪಾಲು ಹುಡುಕುತ್ತ ಹೋದರೆ ಯಾರನ್ನು ಬಿಡುವುದು? ನಾಯಿ ತನ್ನದಾದ್ದರಿಂದ ಬಾಸಿಲಿಯೊ ಮುತ್ತಿಟ್ಟ. ಹುಂಜ ತನ್ನದಾದ್ದರಿಂದ ಎದುರುಮನೆಯ ವಿಧವೆ ಮುತ್ತಿಟ್ಟಳು. ದಾರಿಯಲ್ಲಿ ಬೆಂಚು ಹಾಕಿದವನು, ಆ ಬೆಂಚಿನ ಮೇಲೆ ಕೂತಿದ್ದ ಮೂವರು, ಹಂದಿಯ ಮೂಳೆ ಎಸೆದು ನಾಯಿಯನ್ನು ಕರೆದವಳು, ಎಲ್ಲರೂ ಸಾಲಾಗಿ ಬಂದರು. ತೀರ್ಪು ತಡವಾದದ್ದೂ ಅಗೌರವವೇ ಎಂದು ಮೇಷ್ಟ್ರೂ ಕನ್ನಡಕ ತೆಗೆದಿಟ್ಟು ಬಗ್ಗಿದರು. ಯಾವ ಪಾಲೂ ಇಲ್ಲದ ಕೆಲವರು ಯಾತಕ್ಕೂ ಇರಲಿ ಎಂದು ಸಾಲು ಸೇರಿದರು. ಮೆರ್ಲಿಟಾ ಬಿಳಿ ಪ್ಯಾಂಟು ಕೊಳೆಯಾಗದಂತೆ ಕರ್ಚೀಫು ಹಾಸಿ, ಮಂಡಿಯೂರಿ, ತುಟಿ ಸೋಕಿಸಿ ಎದ್ದಳು. ಒಟ್ಟು ಹತ್ತೊಂಬತ್ತು ಜನ. ಅಂಗಳದ ತುಂಬ ನೇರಳೆ ಮೂಗುಗಳು.

ಕೊನೆಗೆ ಉಳಿದದ್ದು ಕ್ರಿಸ್ಪಿನಾ.

"ಬಾಮ್ಮ," ಅಂದರು ಮೇಷ್ಟ್ರು. "ಹೊತ್ತು ತಂದವಳು ನೀನು."

ಅವಳು ಮಂಡಿಯೂರಿದಳು. ಮುಖವನ್ನು ಹತ್ತಿರಕ್ಕೆ ತಂದಳು. ಸೀಸೆಯ ವಾಸನೆ ಬಂತು. ಮಣ್ಣಿನ ವಾಸನೆ ಇಲ್ಲ, ಬೆಂದ ಉಬಿಯ ಆ ಹಳೆಯ ಪರಿಮಳ ಇಲ್ಲ. ಒಂದು ಮುತ್ತು, ಅಷ್ಟೆ. ಇಟ್ಟರೆ ಯಾರಿಗೂ ಯಾವತ್ತೂ ತಿಳಿಯುವುದಿಲ್ಲ. ನಾಯಿ ಕೇಕು ತಿನ್ನುತ್ತದೆ, ಹುಂಜದ ಕತೆಯನ್ನು ಹತ್ತು ವರ್ಷ ಹೇಳಿಕೊಂಡು ನಗುತ್ತಾರೆ, ಅತ್ತೆಗೆ ಅಯ್ಯೋ ಪಾಪ ಅನ್ನಿಸಿ ಬೀಜವನ್ನೂ ಕೊಟ್ಟರೂ ಕೊಟ್ಟಾಳು. ಮೇಷ್ಟ್ರಿಗೆ ಸುಳ್ಳು ಹೇಳುವುದು ಅಷ್ಟು ಕಷ್ಟವಾಗಿರಲಿಲ್ಲ. ಈಗ ತುಟಿ ಕೆಳಗಿಳಿಯಲಿಲ್ಲ. ನವೆಂಬರಿನಲ್ಲಿ ನಿಜವಾದ ಉಬಿಗೆ ಇಡದ ಮುತ್ತನ್ನು ಇವತ್ತು ಸಿಹಿಗೆಣಸಿಗೆ ಇಟ್ಟುಬಿಟ್ಟರೆ, ಹಂದಿಗೂಡಿನ ಹಿಂದೆ ಹೂತದ್ದರ ಮುಖವನ್ನು ತಾನು ಹೇಗೆ ನೋಡುವುದು? ಉಬಿಗೆ ಮುಖ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ನಾಚಿಕೆ ಆಯಿತು.

"ಇದ್ರಲ್ಲಿ ಉಬಿ ಇಲ್ಲ," ಅಂದಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡರು. "ಎಷ್ಟು ಇಲ್ಲ?"

"ಒಂಚೂರೂ ಇಲ್ಲ."

"ಮತ್ತೆ ಎರಡು ಕಿಲೋ?"

"ಸಿಹಿಗೆಣಸು. ಆಮೇಲೆ ಬಣ್ಣ."

ಗ್ಲಿಸೇರಿಯೊ ಮೀಸೆ ಮುಟ್ಟಿ ಬೆರಳು ನೋಡಿಕೊಂಡ. "ಹಾಗಾದ್ರೆ ನಾನು ಕ್ಷಮೆ ಕೇಳಿದ್ದು ಯಾರ ಹತ್ರ?" ಅಂದ. ಅವನ ದನಿಯಲ್ಲಿ ಕೋಪ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವನಿಗೆ. ಸಿಹಿಗೆಣಸಿನ ಕ್ಷಮೆ ಕೇಳುವ ಪದ್ಧತಿ ದ್ವೀಪದ ಯಾವ ಮೂಲೆಯಲ್ಲೂ ಇರಲಿಲ್ಲ. ಹತ್ತೊಂಬತ್ತು ಜನ ಅಂಗಿಯ ತೋಳಿನಿಂದ, ಲಂಗದ ಅಂಚಿನಿಂದ, ಮೇಜುಬಟ್ಟೆಯಿಂದ ಮೂಗು ಒರೆಸಿಕೊಳ್ಳತೊಡಗಿದರು.

"ನನ್ನದು ಪುಡಿ," ಅಂದಳು ಮೆರ್ಲಿಟಾ ಮೆಲ್ಲಗೆ. "ಆದ್ರೂ ಉಬಿ ಪುಡಿ."

ಅದು ನಿಜ. ಇಷ್ಟು ವರ್ಷ ತಾನು ಆಡಿಕೊಂಡ ಕೇಕಿನಲ್ಲಿ ತನ್ನದಕ್ಕಿಂತ ಹೆಚ್ಚು ಉಬಿ ಇತ್ತು. ಕ್ರಿಸ್ಪಿನಾ ಮಂಡಿಯ ಮೇಲೇ ಇದ್ದಳು. ಏಳುವುದಕ್ಕೆ ಕಾರಣ ತೋಚಲಿಲ್ಲ.

ಅಜ್ಜಿ ಕುರ್ಚಿಯಿಂದಲೇ ಕೇಳಿದಳು: "ನಮ್ಮ ಉಬಿ ಏನಾಯ್ತು?"

"ಕೊಳೆತೋಯ್ತು ಲೋಲಾ. ಅಷ್ಟೂ."

"ಯಾಕೆ?"

"ಒಂದನ್ನ ಬೀಳಿಸ್ದೆ. ಏಳನೇದು. ಒಂದು ಕೈಯಲ್ಲಿ ಫೋನ್ ತೆಗಿಯೋಕೆ ಹೋದೆ, ಇನ್ನೊಂದ್ರಿಂದ ಜಾರ್ತು. ಮುತ್ತಿಡ್ಲಿಲ್ಲ."

"ಯಾರಾದ್ರೂ ನೋಡಿದ್ರಾ?"

"ಇಲ್ಲ ಲೋಲಾ. ಯಾರಾದ್ರೂ ಇದ್ದಾರಾ ಅಂತ ಸುತ್ತ ನೋಡ್ದೆ. ಯಾರೂ ಇರ್ಲಿಲ್ಲ. ಅದಕ್ಕೇ ಇಡ್ಲಿಲ್ಲ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ಎಲ್ಲರೆದುರು, ಮರಳಿನಲ್ಲಿ ಮಂಡಿಯೂರಿ, ಮೂಗು ಸುರಿಸಿಕೊಂಡು ಅತ್ತಳು. ಅಜ್ಜಿಯನ್ನು ಬಿಟ್ಟರೆ ಆ ಅಂಗಳದಲ್ಲಿ ಮೂಗು ನೇರಳೆಯಾಗಿರದವಳು ಅವಳೊಬ್ಬಳೇ.

ಅಜ್ಜಿ ಮಗನ ಕಡೆ ತಿರುಗಿ, "ಗ್ಲಿಸ್, ಬಾನಿ ತಗೊಂಬಾ," ಅಂದಳು.

ಗ್ಲಿಸೇರಿಯೊ ಒಳಗೆ ಹೋಗಿ ಮಂಚದ ಕೆಳಗಿನ ಬಾನಿ ತಂದ. ಅಜ್ಜಿ ಬೂದಿಯೊಳಗೆ ಕೈಯಾಡಿಸಿ ಬೀಜದ ಉಬಿಯನ್ನು ಎತ್ತಿದಳು. ಎಳೆಗೂಸಿನಷ್ಟು ದಪ್ಪ, ಬೇರಿನ ಎಳೆಗಳು ತುಂಬಿದ ಗಡ್ಡದ ಗೆಡ್ಡೆ. ಅದನ್ನು ಎದೆಗೊತ್ತಿಕೊಂಡು ಕೋಲೂರಿ ಎದ್ದಳು. ಇನ್ನು ಹೇಳುವುದಕ್ಕೇನಿದೆ ಎಂದು ಎಲ್ಲರಿಗೂ ಅನ್ನಿಸಿತು. ಮೆರ್ಲಿಟಾ ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದಳು. ಕ್ರಿಸ್ಪಿನಾ ನೆಲ ನೋಡಿದಳು. ಫಲಕದ ಪೇಂಟರ್ ಅವಳ ಕಣ್ಣಿಗೆ ಕಟ್ಟಿದ.

ಅಜ್ಜಿ ಮೆರ್ಲಿಟಾಳನ್ನು ದಾಟಿ ಬಂದಳು. ಕ್ರಿಸ್ಪಿನಾಳ ಎದುರು ನಿಂತು ನೆಲವನ್ನು ಪರೀಕ್ಷಿಸಿದಳು. ಅಲ್ಲಿದ್ದ ಒಂದು ಕಲ್ಲನ್ನು ಕೋಲಿನಿಂದ ಆಚೆ ತಳ್ಳಿದಳು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಹುಲ್ಲು ದಟ್ಟವಾಗಿದ್ದ ಕಡೆ ನಿಂತಳು. ಆಮೇಲೆ ಸೊಂಟ ಬಗ್ಗಿಸಿ, ಗೆಡ್ಡೆಯನ್ನು ಮಂಡಿಯ ಎತ್ತರಕ್ಕೆ ಇಳಿಸಿ, ಕೈ ಬಿಟ್ಟಳು.

ಉಬಿ ಹುಲ್ಲಿನ ಮೇಲೆ ದೊಪ್ಪೆಂದು ಬಿತ್ತು. ಯಾರೋ "ಯೇಸುವೇ" ಎಂದರು.

"ಜಾರ್ತು," ಅಂದಳು ಅಜ್ಜಿ.

ಜಾರಿಲ್ಲ ಎಂಬುದನ್ನು ಇಡೀ ಅಂಗಳ ನೋಡಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ನೋಡ್ತಾ ಕೂತಿದ್ದೀಯಲ್ಲೇ, ಎತ್ತು," ಅಂದಳು ಅಜ್ಜಿ ಸೊಸೆಗೆ.

ಕ್ರಿಸ್ಪಿನಾ ಮಂಡಿಯಲ್ಲೇ ತೆವಳಿ ಉಬಿಯನ್ನು ಎತ್ತಿಕೊಂಡಳು. ಬೂದಿ ಮೆತ್ತಿದ ಒರಟು ಸಿಪ್ಪೆಗೆ ತುಟಿ ಒತ್ತಿದಳು. ತಪ್ಪಾಯಿತು ಎಂದಳು. ಇನ್ನೊಮ್ಮೆ ಎಂದಳು. ಕೊಳೆತುಹೋದ ಅಷ್ಟಕ್ಕೂ ಸೇರಿಸಿ ಹೇಳುತ್ತಿದ್ದಾಳೆಂದು ಅವಳ ಗಂಡನಿಗೂ ಅರ್ಥವಾಯಿತು. ಸಾಮಾನ್ಯವಾಗಿ ಒಂದು ಮುತ್ತಿಗೆ ಬೇಕಾಗುವುದಕ್ಕಿಂತ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಜನರಲ್ ಬಂದು ಬಿದ್ದ ಕೇಕನ್ನು ತಿನ್ನಲು ಶುರುಮಾಡಿತು. ಯಾರೂ ಅದನ್ನು ಓಡಿಸಲಿಲ್ಲ.

ಮೆರ್ಲಿಟಾಳಿಗೆ ತಡೆಯಲಾಗಲಿಲ್ಲ. "ಲೋಲಾ, ನಿಮ್ಮ ಎಂಬತ್ತಕ್ಕೆ ಇವಳು ಸಿಹಿಗೆಣಸು ಹಾಕಿದ್ಲು!"

"ಹಾಕಿದ್ಲು," ಅಂದಳು ಅಜ್ಜಿ. "ಆದ್ರೆ ಅದಕ್ಕೆ ಮುತ್ತಿಡ್ಲಿಲ್ಲ. ನೀವೆಲ್ಲ ಇಟ್ರಿ."

ಮೆರ್ಲಿಟಾ ಕರ್ಚೀಫಿನಿಂದ ಇನ್ನೊಮ್ಮೆ ತುಟಿ ಒರೆಸಿಕೊಂಡಳು.

"ಈಗ ನನ್ನ ಕೂರಿಸಿ," ಅಂದಳು ಅಜ್ಜಿ.

"ಕುರ್ಚಿ ತರ್ತೀನಿ ಇರು," ಅಂದ ಗ್ಲಿಸೇರಿಯೊ.

"ಕುರ್ಚಿ ಅಲ್ಲ ಕಣೋ, ನೆಲದ ಮೇಲೆ. ಬೀಳಿಸಿದೋಳು ನಾನು ತಾನೆ?"

"ಮಂಡಿ ನೋಯತ್ತೆ ನಿನಗೆ."

"ಎಂಬತ್ತು ವರ್ಷಕ್ಕೆ ಒಂದು ಸಲ ನೋಯ್ಲಿ."

ಗ್ಲಿಸೇರಿಯೊ, ಬಾಸಿಲಿಯೊ, ಮೇಷ್ಟ್ರು, ಕೊನೆಗೆ ಮೆರ್ಲಿಟಾ, ನಾಲ್ಕು ಜನ ಸೇರಿ ಅಜ್ಜಿಯನ್ನು ಮೆಲ್ಲಗೆ ಹುಲ್ಲಿನ ಮೇಲೆ ಇಳಿಸಿದರು. ಮಂಡಿ ಮಡಚುವಾಗ ಅಜ್ಜಿ ತಾನು ಯಾವತ್ತೂ ಪಾದ್ರಿಯ ಎದುರು ಆಡದ ಎರಡು ಮಾತು ಆಡಿದಳು. ಈಗ ಅತ್ತೆ ಸೊಸೆ ಎದುರುಬದುರು ಮಂಡಿಯೂರಿದ್ದರು, ನಡುವೆ ಉಬಿ.

"ನಿಂದು ಮುಗೀತಾ?"

"ಮುಗೀತು ಲೋಲಾ."

"ಹಾಗಾದ್ರೆ ಕೊಡು."

ಅಜ್ಜಿ ಗೆಡ್ಡೆಗೆ ಮುತ್ತಿಟ್ಟು, ಅದಕ್ಕೆ ಕಿವಿ ಇರುವಂತೆ ಬಹಳ ಹೊತ್ತು ಪಿಸುಗುಟ್ಟಿದಳು. ಒಂದು ತಪ್ಪಿಗೆ ಅಷ್ಟು ಮಾತು ಬೇಕಿರಲಿಲ್ಲ. ಎಂಬತ್ತು ವರ್ಷದಲ್ಲಿ ಒಂದೂ ಬಿದ್ದಿಲ್ಲ ಎಂದು ತಿಂಗಳಿಗೊಮ್ಮೆ ಹೇಳುತ್ತಿದ್ದದ್ದು ಕ್ರಿಸ್ಪಿನಾಳಿಗೆ ನೆನಪಾಯಿತು.

ತುಟಿಯ ತುಂಬ ಬೂದಿ ಮಾಡಿಕೊಂಡು ಅಜ್ಜಿ ತಲೆಯೆತ್ತಿದಳು. ಬೀಜವನ್ನು ಸೊಸೆಯ ಕಡೆ ಚಾಚಿದಳು. ಕ್ರಿಸ್ಪಿನಾ ಒಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಕೈ ಮುಂದೆ ಮಾಡಿದಳು.

"ಎರಡೂ ಕೈಯಲ್ಲಿ," ಅಂದಳು ಅಜ್ಜಿ.

ಕ್ರಿಸ್ಪಿನಾ ಎರಡೂ ಕೈಯಲ್ಲಿ ಹಿಡಿದುಕೊಂಡಳು.